ಮೈಸೂರಿನ ಮ್ಯಾನೇಜರಿಗೆ ಶಿರಸಿ ತೋರಿಸಿದ್ದು

ನಮ್ಮ ಸೀಮೆಯಲ್ಲಿ ಯಾರಿಗಾದರೂ ಊರು ತೋರಿಸಲು ಹೊರಟರೆ, ಅಂದುಕೊಂಡದ್ದೊಂದನ್ನು ಬಿಟ್ಟು ಉಳಿದದ್ದೆಲ್ಲ ಆಗುತ್ತದೆ. ಬ್ಯಾಂಕಿನ ಕ್ಯಾಶಿಯರನಾದ ನನಗೆ ಹೊಸ ಮ್ಯಾನೇಜರು ಬಂದಾಗಲೆಲ್ಲ ಈ ಕೆಲಸ ತಪ್ಪಿದ್ದಲ್ಲ. ಈ ಸಲ ಬಂದವರು ಮೈಸೂರಿನವರು. ಬಂದ ವಾರದಲ್ಲೇ "ಇಲ್ಲಿ ಏನಿದೆ ಕಣ್ರೀ? ಹೆಂಡತಿ ಬಂದು ನೋಡಲಿ, ಬೇಡ ಅಂದರೆ ವಾಪಸ್ ವರ್ಗ ಕೇಳ್ತೀನಿ" ಅಂದರು. ಅಡಿಕೆ ಕೊಯ್ಲಿಗೆ ರಜೆ ಕೇಳಿದರೆ ಮುಖ ಸಿಂಡರಿಸದ ಮ್ಯಾನೇಜರನ್ನು ನಾನು ಕಂಡದ್ದು ಇದೇ ಮೊದಲು. ಇಂಥವರನ್ನು ಬಿಟ್ಟುಕೊಡುವುದುಂಟೇ?

ಮೂಗು

ಮೊದಲು ಶಿರಸಿ ಪೇಟೆಗೆ ಕರೆದುಕೊಂಡು ಹೋದೆ. ಉಪ್ಪಿನಕಾಯಿಗೆ ಹಾಕುವ ಅಪ್ಪೆಮಿಡಿ ಬಂದಿತ್ತು. ನಾವು ಮಾವಿನ ಮಿಡಿಯನ್ನು ಕಣ್ಣಲ್ಲಿ ನೋಡಿ ಕೊಳ್ಳುವವರಲ್ಲ. ತೊಟ್ಟು ಮುರಿದು, ಸೊನೆಯ ಪರಿಮಳ ಹಿಡಿಸಿದರೆ ಮಾತ್ರ ಮುಂದಿನ ಮಾತು. ಸಾಹೇಬರಿಗೂ ಒಂದು ಮುರಿದು ಕೊಟ್ಟೆ. ದೂರದಿಂದ ಮೂಸಿ ಎನ್ನುವಷ್ಟರಲ್ಲಿ ಅವರು ಅದನ್ನು ಮೂಗಿಗೇ ಒತ್ತಿಕೊಂಡಿದ್ದರು. ಸೊನೆ ಸುಡದೆ ಬಿಡುತ್ತದೆಯೇ?

ಸೋಮವಾರ ಮೂಗಿನ ತುದಿಯಲ್ಲಿ ಕಪ್ಪು ಕಲೆ ಹೊತ್ತು ಬ್ಯಾಂಕಿಗೆ ಬಂದರು. ಯಾರಾದರೂ ಕೇಳಿದರೆ ಬಾಗಿಲು ಬಡಿಯಿತು ಎನ್ನಬೇಕೆಂದು ಇಬ್ಬರೂ ಮಾತಾಡಿಕೊಂಡಿದ್ದೆವು. ಮೂಗಿಗೆ ಏನಾಯಿತೆಂದು ಒಬ್ಬರಾದರೂ ಕೇಳಬೇಕಲ್ಲ. ಬಂದವರೆಲ್ಲ ಒಮ್ಮೆ ಅವರ ಮುಖ ನೋಡಿ ಕೇಳಿದ್ದು ಒಂದೇ: "ಮಿಡಿ ಎಲ್ಲಿ ಸಿಕ್ತು ಸರ್? ಪರಿಮಳ ಚೊಲೋ ಇತ್ತನ?"

ದಿಂಬು

ಮುಂದಿನ ಭಾನುವಾರ ಸಿದ್ದಾಪುರ. ಅಕ್ಕನ ಮನೆಯಲ್ಲಿ ಊಟ ಮುಗಿಸಿ, ಪೇಟೆ ಸುತ್ತಿ, ಜೋನಿಬೆಲ್ಲ ಕೊಂಡು ಬರುವುದೆಂದು ನನ್ನ ಲೆಕ್ಕ. ಅಕ್ಕ ಅಪ್ಪೆಹುಳಿ ಮಾಡಿದ್ದಳು. ಮಾವಿನ ಹುಳಿಗೆ ಒಗ್ಗರಣೆ ಕೊಟ್ಟ ಆ ತಣ್ಣನೆಯ ನೀರು ಕುಡಿದರೆ ಕಣ್ಣು ತಾನಾಗಿ ಮುಚ್ಚುತ್ತದೆ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಸಾಹೇಬರು ಅದನ್ನು ಶರಬತ್ತಿನ ಹಾಗೆ ಲೋಟದ ಮೇಲೆ ಲೋಟ ಇಳಿಸಿದರು.

ಕೈ ತೊಳೆದು ಬರುವಷ್ಟರಲ್ಲಿ ಭಾವ ಚಾಪೆ ಹಾಸಿ ದಿಂಬು ಇಟ್ಟಿದ್ದರು. ಕೇಳಿ ಇಟ್ಟದ್ದಲ್ಲ, ಅದು ಊಟಕ್ಕೇ ಸೇರಿದ್ದು. "ಐದೇ ನಿಮಿಷ" ಎಂದು ಒರಗಿದ ಸಾಹೇಬರು ಎದ್ದದ್ದು ಸಂಜೆ ಚಹಾದ ಹೊತ್ತಿಗೆ. ಪೇಟೆಯ ಸುದ್ದಿಯನ್ನೇ ಎತ್ತಲಿಲ್ಲ. "ಮೈಸೂರಲ್ಲಿ ಊಟ ಆದ್ಮೇಲೆ ಬಿಲ್ ಕೊಡ್ತಾರೆ. ಇಲ್ಲಿ ದಿಂಬು ಕೊಡ್ತಾರಲ್ರೀ" ಅಂದರು.

ದಾರಿ

ಯಲ್ಲಾಪುರದ ಕಡೆ ಜಲಪಾತ ತೋರಿಸಲು ಹೋದದ್ದು ನನ್ನದೇ ದಡ್ಡತನ. ಜಲಪಾತಕ್ಕೆ ಹೋಗಬೇಕಾದರೆ ದಾರಿ ಕೇಳಬೇಕು. ನಮ್ಮಲ್ಲಿ ಅಂಗಳದಲ್ಲಿ ನಿಂತು ದಾರಿ ಕೇಳಿದವರಿಗೆ ಅಂಗಳದಲ್ಲೇ ಹೇಳಿ ಕಳಿಸುವ ಪದ್ಧತಿಯಿಲ್ಲ. ವಜ್ರಳ್ಳಿ ಹತ್ತಿರ ಒಂದು ಮನೆಯ ಯಜಮಾನರು, "ಜಲಪಾತ ಎಲ್ಲೂ ಓಡಿ ಹೋಗ್ತಿಲ್ಲೆ. ಮೊದ್ಲು ಆಸರಿಗೆ ಕುಡೀರಿ" ಎಂದು ಒಳಗೆ ಕರೆದರು. ಆಸರಿಗೆ ಎಂದರೆ ಪಾನಕದ ಜೊತೆ ಅವಲಕ್ಕಿ, ಬಾಳೆಹಣ್ಣು. ಆಮೇಲೆ ದಾರಿ ತೋರಿಸುತ್ತೇನೆಂದು ತಮ್ಮ ಬೈಕು ತೆಗೆದು ಮುಂದೆ ಹೊರಟವರು, ನೇರವಾಗಿ ತಮ್ಮನ ಮನೆ ಮುಂದೆ ನಿಲ್ಲಿಸಿದರು. ಅಲ್ಲಿ ಅವತ್ತು ತೊಡದೇವು ಮಾಡುತ್ತಿದ್ದರಂತೆ. ಬಿಸಿ ಮಡಕೆಯ ಬೆನ್ನಿನಿಂದ ಏಳುವ ಆ ಕಾಗದದಂಥ ಸಿಹಿ ಹಪ್ಪಳವನ್ನು ಬಿಟ್ಟು ನೀರು ನೋಡಲು ಹೋಗುವವರು ಯಾರು?

ಹೊತ್ತು ಮುಳುಗಿದ ಮೇಲೆ ವಾಪಸು ಹೊರಟೆವು. ದಾರಿಯಲ್ಲಿ ಮೈಸೂರಿನಿಂದ ಸಾಹೇಬರ ಹೆಂಡತಿಯ ಫೋನು, ಜಲಪಾತ ಹೇಗಿತ್ತು ಎಂದು.

"ಮೊದಲು ಜೀರ್ಣ ಆಗಲಿ, ಆಮೇಲೆ ಹೇಳ್ತೀನಿ" ಅಂದರು ಸಾಹೇಬರು.

ಸೊಪ್ಪು

ಕೊನೆಗೆ ಮೈಸೂರಿನಿಂದ ಮೇಡಂ ಬಂದರು. ಇವರದೇ ತೀರ್ಪು ಎಂದು ನಾನು ಎರಡು ದಿನದ ಸವಾರಿ ಯೋಚಿಸಿ ಇಟ್ಟುಕೊಂಡಿದ್ದೆ. ಬಂದ ಮರುದಿನ ಬೆಳಿಗ್ಗೆ ಅವರು ಒಬ್ಬರೇ ತರಕಾರಿಗೆಂದು ಹೋದರು. ಮಧ್ಯಾಹ್ನವಾದರೂ ಬರಲಿಲ್ಲ, ಫೋನು ಮನೆಯಲ್ಲೇ ಇತ್ತು. ಸಾಹೇಬರು ನನ್ನನ್ನು ಕರೆದುಕೊಂಡು ಪೇಟೆಗೆ ಹೊರಟರು. ಇನ್ನು ವರ್ಗ ಗ್ಯಾರಂಟಿ ಅಂದುಕೊಂಡೆ.

ಪೇಟೆಯಲ್ಲಿ ವಿಚಾರಿಸಿದಾಗ ಸೊಪ್ಪು ಮಾರುವ ಹೆಂಗಸು ಹೇಳಿದಳು: "ಒಂದೆಲಗ ತಗಂಡು, ಇದನ್ನ ಹ್ಯಾಂಗೆ ಮಾಡೂದು ಅಂತ ಕೇಳಿದ್ರು. ಪಕ್ಕದಲ್ಲಿ ಇಸಳೂರಿನ ಅಮ್ಮ ಒಬ್ರು ಇದ್ರು. ತಂಬುಳಿ ಬಾಯಲ್ಲಿ ಹೇಳಿದ್ರೆ ಬರೂದಲ್ಲ, ಬನ್ನಿ ಅಂತ ಸ್ಕೂಟಿ ಹತ್ತಿಸ್ಕಂಡು ಹೋದ್ರು."

ಇಸಳೂರಿಗೆ ಓಡಿದೆವು. ಕೇಳುತ್ತ ಹೋಗಿ ಹೊಸ ಮನೆಯೊಂದರ ಬಾಗಿಲಲ್ಲಿ ನಿಂತರೆ, ಮೇಡಂ ಒಳಗೆ ಸೆರಗು ಸಿಕ್ಕಿಸಿಕೊಂಡು ಕಾಯಿ ತುರಿಯುತ್ತಿದ್ದಾರೆ.

"ಗುರುತು ಪರಿಚಯ ಇಲ್ಲದವರ ಮನೇಲಿ ಏನೇ ಇದು?" ಅಂದರು ಸಾಹೇಬರು.

"ಪರಿಚಯ ಆಯ್ತಲ್ಲ, ಬೆಳಿಗ್ಗೆನೇ" ಎಂದು ಮೇಡಂ ಕೈ ನಿಲ್ಲಿಸದೆ ಹೇಳಿದರು. "ಇವರ ಮಹಡಿ ಮನೆ ಖಾಲಿ ಇದೆ. ನೋಡಿದೆ, ಒಪ್ಪಿದೆ, ಹಾಲು ಉಕ್ಕಿಸೋ ದಿನಾನೂ ಕೇಳಿಯಾಯ್ತು."

"ಮತ್ತೆ ನನ್ನ ವರ್ಗ?"

"ಧಾರಾಳವಾಗಿ ಕೇಳಿ. ಶನಿವಾರ ಶನಿವಾರ ಬಂದು ನನ್ನನ್ನ ನೋಡ್ಕೊಂಡು ಹೋಗಿ. ಈಗ ಕೈ ತೊಳ್ಕೊಳ್ಳಿ, ನಿಮಗೂ ಎಲೆ ಹಾಕ್ತಿದಾರೆ."