ವೃತ್ತದ ಮೇಲ್ಭಾಗ ಯಾವುದು?

ದೊಡ್ಡವರು ಚಿಕ್ಕವರು ಅಂತಿಲ್ಲದ ಸ್ವೀಡನ್ನಿನಲ್ಲಿ ಕೂತು, ದೊಡ್ಡವರು ಯಾರು ಅಂತ ತಿಳಿಯದೆ ಹೆಜ್ಜೆಯಿಡದ ಜಪಾನಿನವರ ಜತೆ ಕೆಲಸ ಮಾಡಿದರೆ ದಿನಕ್ಕೊಂದು ಫಜೀತಿ ಗ್ಯಾರಂಟಿ. ನಾನಿರೋದು ಇಲ್ಲಿನ ಒಂದು ವಿಶ್ವವಿದ್ಯಾಲಯದ ವಿದೇಶ ವಿಭಾಗದಲ್ಲಿ. ಜಪಾನಿನ ಒಂದು ಖಾಸಗಿ ವಿಶ್ವವಿದ್ಯಾಲಯದ ಜತೆ ವಿದ್ಯಾರ್ಥಿ ವಿನಿಮಯದ ಒಪ್ಪಂದ ಮಾಡಿಸಬೇಕಿತ್ತು. ಒಪ್ಪಂದ ಆದರೆ ನನ್ನ ನೌಕರಿ ಉಳಿಯುತ್ತೆ, ಆಗದಿದ್ದರೆ ವರ್ಕ್ ಪರ್ಮಿಟ್ ಮುಗಿದ ಕೂಡಲೇ ಗಂಟುಮೂಟೆ ಕಟ್ಟಬೇಕು.

೧. ಚಾರ್ಟು

ಜಪಾನಿನವರು ತಮ್ಮ ಆಡಳಿತದ ಚಾರ್ಟ್ ಕಳಿಸಿದರು. ಎಲ್ಲಕ್ಕಿಂತ ಮೇಲೆ ಟ್ರಸ್ಟಿನ ಅಧ್ಯಕ್ಷರು, ಕೆಳಗೆ ಕುಲಪತಿ, ಡೀನು, ಹೀಗೆ ಗುಮಾಸ್ತರವರೆಗೆ ಒಳ್ಳೇ ವಂಶವೃಕ್ಷ. ನಿಮ್ಮದೂ ಕಳಿಸಿ ಅಂದರು.

ನಮ್ಮ ಬಾಸ್ ಒಂದು ವೃತ್ತ ಬರೆದು, ಒಳಗೆ ಎಲ್ಲರ ಹೆಸರನ್ನೂ ಚೆಲ್ಲಿದಳು. "ನಾವೆಲ್ಲ ಸಮಾನರು" ಅಂತ ಹೆಮ್ಮೆಯಿಂದ ಕಳಿಸಿಯೂ ಬಿಟ್ಟಳು.

ಮರುದಿನ ಉತ್ತರ ಬಂತು: "ಬಹಳ ಸೊಗಸಾಗಿದೆ. ವೃತ್ತದ ಮೇಲ್ಭಾಗ ಯಾವುದೆಂದು ದಯವಿಟ್ಟು ತಿಳಿಸಿ."

೨. ಮೂಲೆಯ ಮುದುಕರು

ಆಮೇಲೆ ಅವರ ತಂಡವೇ ಬಂತು. ಕುಲಪತಿ ಸಂಸ್ಥೆಯ ಚರಿತ್ರೆ ಹೇಳಿದರು. ಸಂಸ್ಥಾಪಕಿ ಮನೆಯ ಮುಂದಿನ ಕೋಣೆಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಲು ಶುರುಮಾಡಿದ್ದಂತೆ. ಅದೇ ಹೈಸ್ಕೂಲಾಗಿ, ಕಾಲೇಜಾಗಿ, ವಿಶ್ವವಿದ್ಯಾಲಯವಾಯಿತಂತೆ. ಬಾಸ್ ಕುಲಪತಿಯ ಜತೆಗೇ ಹರಟುತ್ತಿದ್ದಳು. ಮೂಲೆಯಲ್ಲೊಬ್ಬರು ಮುದುಕರು ತುಟಿ ಬಿಚ್ಚದೆ ಕೂತಿದ್ದರು. "ಅವರು ಫೋಟೋ ತೆಗೆಯೋರಾ?" ಅಂತ ಬಾಸ್ ನನ್ನ ಕಿವಿಯಲ್ಲಿ ಕೇಳಿದಳು.

ನಾನು ಉಡುಪಿ ಕಡೆಯ ಖಾಸಗಿ ಕಾಲೇಜಿನಲ್ಲಿ ಪಾಠ ಮಾಡಿದವಳು. ಅಲ್ಲೂ ಪ್ರಿನ್ಸಿಪಾಲ್ ಮಾತಾಡ್ತಾರೆ, ಮ್ಯಾನೇಜ್‌ಮೆಂಟ್ ಸುಮ್ಮನಿರುತ್ತೆ. ಮೊದಲ ಕಾಫಿ ನೇರ ಮುದುಕರ ಕೈಗೇ ಕೊಟ್ಟೆ. ಜಪಾನಿನ ಸಾಲಿಗೆ ಸಾಲೇ ಉಸಿರು ಬಿಟ್ಟಿತು. ಅವರೇ ಟ್ರಸ್ಟಿನ ಅಧ್ಯಕ್ಷರು, ಸಂಸ್ಥಾಪಕಿಯ ಮೊಮ್ಮಗ.

"ನಿನಗೆ ಹೇಗೆ ಗೊತ್ತಾಯ್ತು?" ಅಂದಳು ಬಾಸ್.

"ನೀನು ಜೋಕ್ ಹೇಳಿದಾಗಲೆಲ್ಲ ಎಲ್ಲರೂ ಅವರ ಮುಖ ನೋಡ್ತಿದ್ರು, ನಗಬಹುದಾ ಅಂತ."

೩. ಸಿಂಕು

ಇಲ್ಲಿ ಫೀಕಾ, ಅಂದರೆ ಕಾಫಿ ವಿರಾಮ ಮುಗಿದರೆ ಅವರವರ ಕಪ್ ಅವರವರೇ ತೊಳೀಬೇಕು. ಬಾಸ್ ತೊಳೆದಳು. ಅಧ್ಯಕ್ಷರು ಅದನ್ನೇ ನೋಡುತ್ತಿದ್ದು, ಎದ್ದು, ಕೋಟು ಬಿಚ್ಚಿ ಸಿಂಕಿನ ಮುಂದೆ ನಿಂತರು. ಕುಲಪತಿಗೆ ಗಾಬರಿ. ಅವರೂ ಕಪ್ ಹಿಡಿದು ಹಿಂದೆ ನಿಂತರು. ಅವರ ಹಿಂದೆ ಡೀನು, ಆಮೇಲೆ ಉಳಿದವರು, ಎಲ್ಲ ಹುದ್ದೆಯ ಪ್ರಕಾರವೇ. ರೇಷನ್ ಅಂಗಡಿಯಲ್ಲೂ ಇಷ್ಟು ಶಿಸ್ತಿನ ಕ್ಯೂ ನಾನು ನೋಡಿಲ್ಲ.

ಕೈ ಒರೆಸಿಕೊಂಡು ಒಪ್ಪಂದಕ್ಕೆ ಕೂತೆವು. ಜಪಾನಿನಲ್ಲಿ ಹನ್ನೊಂದು ಜನರ ಮೊಹರು ಬಿದ್ದು ಬಂದ ಕಾಗದ. ಸ್ವೀಡನ್ ಕಡೆಯ ಜವಾಬ್ದಾರರ ಹೆಸರಿನ ಜಾಗ ಮಾತ್ರ ಖಾಲಿ.

"ನಾವೆಲ್ಲರೂ ಅಂತ ಬರೀರಿ" ಅಂದಳು ಬಾಸ್.

ಕುಲಪತಿ ಪೆನ್ ಕೆಳಗಿಟ್ಟರು. ಹೋಯ್ತು ನೌಕರಿ ಅಂದುಕೊಂಡೆ.

ಆಗ ಅಧ್ಯಕ್ಷರು ಮೊದಲ ಸಲ ಬಾಯಿ ಬಿಟ್ಟರು. "ಈಕೆಯ ಹೆಸರು ಹಾಕಿ. ಯಾರು ಯಾರೆಂದು ಇಲ್ಲಿ ಗೊತ್ತಿರೋದು ಈಕೆಗೊಬ್ಬಳಿಗೇ." ಐದು ವರ್ಷದ ಒಪ್ಪಂದ. ನನ್ನ ಹೆಸರಿನ ಪಕ್ಕದಲ್ಲೇ ಕೆಂಪು ಮೊಹರು ಒತ್ತಿದರು. ಗೆದ್ದೆ ಅನ್ನಿಸಿ ಕಣ್ಣು ತುಂಬಿಬಂತು.

ಅವರು ಹೋದಮೇಲೆ ಬಾಸನ್ನು ಮೆಲ್ಲಗೆ ಕೇಳಿದೆ, "ಹಾಗಾದ್ರೆ ನನ್ನ ಕೆಲಸ?"

"ಇನ್ನು ನಿನ್ನನ್ನು ತೆಗೀಬೇಕಾದ್ರೆ ಜಪಾನಿನಲ್ಲಿ ಹನ್ನೊಂದು ಮೊಹರು ಬೀಳಬೇಕು" ಅಂದಳು. "ಅಷ್ಟರಲ್ಲಿ ನಿನಗೆ ಪೆನ್ಷನ್ ವಯಸ್ಸಾಗಿರುತ್ತೆ."