ಸರಹದ್ದಿನ ಮೇಷ್ಟ್ರ ಪಾಡು

ಮಕ್ಕಳಿಗೆ ಮಗ್ಗಿ ಕಲಿಸೋದು ಕಷ್ಟವಲ್ಲ. ಯಾರ ಮಗು ಯಾವ ಸ್ಕೂಲಿಗೆ ಸೇರಬೇಕು ಅಂತ ದೊಡ್ಡವರಿಗೆ ಹೇಳೋದು ಕಷ್ಟ. ಮೈಸೂರಿನಲ್ಲಿ ನಾನು ಪ್ರೈಮರಿ ಸ್ಕೂಲಿನ ಹೆಡ್‌ಮೇಷ್ಟ್ರಾಗಿದ್ದಷ್ಟು ಕಾಲ ಈ ತಲೆನೋವು ಒಂದಲ್ಲ ಒಂದು ವೇಷ ಹಾಕಿಕೊಂಡು ಬಾಗಿಲಿಗೆ ಬರುತ್ತಲೇ ಇತ್ತು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಒಂದೇ ರಸ್ತೆಯ ಆ ತುದಿಗೊಂದು, ಈ ತುದಿಗೊಂದು ಸರ್ಕಾರಿ ಸ್ಕೂಲು. ಆ ತುದಿಯದು ಬಂಗಲೆಗಳ ಮಧ್ಯೆ. ಅದಕ್ಕೆ ಬೆಂಚು, ನಲ್ಲಿ, ಆಟದ ಬಯಲು ಎಲ್ಲ ಇತ್ತು. ಈ ತುದಿಯದು ನಮ್ಮದು. ಯಾರದೋ ಹಳೇ ಕುದುರೆ ಲಾಯ. ಇಲಾಖೆಯವರು ನಕ್ಷೆಯ ಮೇಲೆ ಒಂದು ಗೆರೆ ಎಳೆದು, ಆಚೆಯವರ ಮಕ್ಕಳು ಅಲ್ಲಿ, ಈಚೆಯವರ ಮಕ್ಕಳು ಇಲ್ಲಿ ಅಂದುಬಿಟ್ಟರು. ಉಳ್ಳವರೆಲ್ಲ ಆಚೆಗೆ ಬಿದ್ದರು, ಇಲ್ಲದವರೆಲ್ಲ ಈಚೆಗೆ. ಕೇಳಿದರೆ, ಬೇಕಂತ ಮಾಡಿದ್ದಲ್ಲ, ಹಾಗೆ ಬಂದುಬಿಟ್ಟಿದೆ ಅಂದರು.

ಬ್ರಹ್ಮಚಾರಿಯ ಸಂಸಾರ

ಗೆರೆ ಬಿದ್ದ ಮೇಲೆ ನಮ್ಮ ಸ್ಕೂಲಿನ ಮಕ್ಕಳು ಕರಗತೊಡಗಿದರು. ಅಪ್ಪ ಅಮ್ಮಂದಿರು ಆಚೆ ಬದಿಯ ಯಾವುದೋ ಮನೆಯ ವಿಳಾಸ ಕೊಟ್ಟು ಆ ಸ್ಕೂಲಿಗೆ ಸೇರಿಸುತ್ತಿದ್ದರು. ನಾನಾದರೂ ಅದನ್ನೇ ಮಾಡುತ್ತಿದ್ದೆ, ಅದು ಬೇರೆ ಮಾತು. ಆದರೆ ವಿಳಾಸ ವಿಚಾರಿಸಿ ಬರುವ ಕೆಲಸ ಸ್ಕೂಲ್ ಇನ್ಸ್‌ಪೆಕ್ಟರು ನನ್ನ ತಲೆಗೇ ಕಟ್ಟಿದರು.

ಗೆರೆ ದಾಟಿದೊಡನೆ ಸಿಗುವ ಒಂದು ವಠಾರದ ಒಂದೇ ಕೋಣೆಯ ಮನೆಯಿಂದ, ರಿಜಿಸ್ಟರಿನ ಪ್ರಕಾರ, ಅರ್ಧ ಕ್ಲಾಸಿಗಾಗುವಷ್ಟು ಮಕ್ಕಳು ಹೋಗುತ್ತಿದ್ದರು. ಬಾಗಿಲು ತಟ್ಟಿದೆ. ಗುಮಾಸ್ತರೊಬ್ಬರು ಸೌಟು ಹಿಡಿದುಕೊಂಡೇ ಬಾಗಿಲು ತೆಗೆದರು. ಒಳಗೆ ಒಲೆಯ ಮೇಲೆ ಒಬ್ಬರಿಗಾಗುವಷ್ಟು ಸಾರು ಕುದಿಯುತ್ತಿತ್ತು.

“ಮಕ್ಕಳು ಎಲ್ಲಿ ಸ್ವಾಮಿ?” ಅಂದೆ.

“ನಂಗಿನ್ನೂ ಮದುವೇನೇ ಆಗಿಲ್ಲವಲ್ಲ.”

ವಿಷಯ ಹೇಳಿದೆ. ಅವರು ಸೌಟು ಕೆಳಗಿಟ್ಟು ಹೊಸಿಲ ಮೇಲೆ ಕೂತರು. ಅಷ್ಟರಲ್ಲಿ ವಠಾರದ ಯಜಮಾನಮ್ಮ ಬಂದರು. ಹಾಲಿನವನು, ಬಟ್ಟೆ ಒಗೆಯುವವಳು, ಹೂವಿನವಳು, ಯಾರು ಬಂದು ಕೇಳಿದರೂ ಆ ಮನೆಯ ನಂಬರನ್ನೇ ಹೇಳಿ ಕಳಿಸಿದ್ದು ಅವರೇ. “ಹೋಗ್ಲಿ ಬುಡಿ ಮೇಷ್ಟ್ರೇ. ಪಾಪ, ಅವ್ರ ಮಕ್ಳೂ ನಾಕಕ್ಷರ ಕಲೀಲಿ. ಇವ್ರು ಒಂಟಿ ಮನುಷ್ಯ, ಒಬ್ರಿಗೇ ಒಂದು ನಂಬರ್ ಇಟ್ಕೊಂಡು ಏನ್ಮಾಡ್ತಾರೆ?” ಅಂದರು.

ಗುಮಾಸ್ತರು ಕೈಮುಗಿದರು. “ಮಕ್ಕಳು ಓದಿಕೊಳ್ಳಲಿ ಮೇಷ್ಟ್ರೇ, ನಂದೇನೂ ಅಡ್ಡಿ ಇಲ್ಲ. ಆದ್ರೆ ನಾಳಿದ್ದು ಹೆಣ್ಣು ನೋಡೋಕೆ ಹೋಗ್ತಿದೀನಿ. ಹುಡುಗಿಯ ತಂದೆ ಆ ಸ್ಕೂಲಲ್ಲೇ ಮಕ್ಕಳ ವಿಳಾಸ ಬರ್ಕೊಳ್ಳೋ ಮೇಷ್ಟ್ರು.”

ಮಾನದ ಬೆಂಚು

ನಮ್ಮ ಮಕ್ಕಳು ಗೋಣಿತಾಟಿನ ಮೇಲೆ ಕೂರುತ್ತಿದ್ದರು. ಬೆಂಚು ಕೊಡಿ ಅಂತ ಇಲಾಖೆಯ ಬಾಗಿಲಿಗೆ ತಿರುಗಿ ತಿರುಗಿ ನನ್ನ ಚಪ್ಪಲಿ ಸವೆಯಿತು. ಕಡೆಗೆ ಇನ್ಸ್‌ಪೆಕ್ಟರು, “ಆಗಲಿ, ನಾನೇ ಬಂದು ಕಣ್ಣಾರೆ ನೋಡ್ತೀನಿ” ಅಂದರು. ಬದುಕಿದೆ ಅಂದುಕೊಂಡೆ.

ಆ ದಿನ ಬೇಗ ಹೋಗಿ ನೋಡಿದರೆ ಲಾಯದ ತುಂಬ ಬೆಂಚು. ನಮ್ಮ ಅಸಿಸ್ಟೆಂಟ್ ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. “ಸಾಹೇಬ್ರು ಬರ್ತಾರಲ್ಲ ಸಾರ್. ಸ್ಕೂಲಿನ ಮಾನ ಹೋಗಬಾರ್ದು ಅಂತ ಆ ಸ್ಕೂಲಿನೋರ ಕೈಕಾಲು ಹಿಡಿದು ಗಾಡೀಲಿ ಹಾಕಿಸ್ಕೊಂಡು ಬಂದ್ಬುಟ್ಟೆ.”

ಅವನ್ನು ವಾಪಸು ಸಾಗಿಸುವ ಮುಂಚೆಯೇ ಇನ್ಸ್‌ಪೆಕ್ಟರ ಜಟಕಾ ಬಂದು ನಿಂತಿತು. ಅವರು ಒಂದು ಬೆಂಚಿನ ಮೇಲೆ ಕೂತು, ಕೈಯಿಂದ ಸವರಿ, “ಒಳ್ಳೇ ತೇಗದ ಮರ. ಇದನ್ನಿಟ್ಟುಕೊಂಡು ಬೆಂಚಿಲ್ಲ ಅಂತ ನನ್ನ ಪ್ರಾಣ ತಿಂದ್ರಲ್ರೀ” ಅಂದರು. ಎರವಲು ಸ್ವಾಮಿ ಅಂತ ಎಷ್ಟು ಹೇಳಿದರೂ ನಂಬಲಿಲ್ಲ. ಇಲ್ಲಿಂದ ನೆಟ್ಟಗೆ ಆ ಸ್ಕೂಲಿಗೆ ಹೋದರು. ಅಲ್ಲಿ ಬಂಗಲೆಯ ಮಕ್ಕಳು ನೆಲದ ಮೇಲೆ ಕೂತಿದ್ದು ನೋಡಿ ಅವರ ಕರುಳು ಚುರುಕ್ ಅಂದಿತು.

ಸ್ವಲ್ಪ ದಿನಕ್ಕೇ ಹೊಸ ಬೆಂಚು ಮಂಜೂರಾದವು. ಆ ಸ್ಕೂಲಿಗೆ. ನಮ್ಮಲ್ಲಿದ್ದ ಹಳೆಯವೂ ವಾಪಸು ಹೋದವು.

ಗೋಣಿತಾಟು ಕೊಡವಿ ಹಾಸುತ್ತ ನಮ್ಮ ಅಸಿಸ್ಟೆಂಟ್ ಅಂದರು: “ಸದ್ಯ, ಮಾನ ಉಳೀತಲ್ಲ ಸಾರ್.”

ನೀರಿಗೂ ಡೋರ್ ನಂಬರು

ನಮ್ಮಲ್ಲಿ ನಲ್ಲಿ ಇರಲಿಲ್ಲ. ಆಟಕ್ಕೆ ಬಿಟ್ಟಾಗ ಮಕ್ಕಳು ಆ ಸ್ಕೂಲಿನ ನಲ್ಲಿಗೆ ಓಡುತ್ತಿದ್ದರು. ಅಲ್ಲಿಯ ಜವಾನ, “ನೀವು ಈ ಸರಹದ್ದಿನೋರಲ್ಲ, ಓಡಿ” ಅಂತ ಅಟ್ಟುತ್ತಿದ್ದ. ಒಂದು ದಿನ ಕುಂಬಾರಕೊಪ್ಪಲಿನ ಪುಟ್ಟ ಹುಡುಗಿಯೊಬ್ಬಳು ಅಳುತ್ತ ಮನೆಗೆ ಹೋದಳು. ಮಾರನೇ ದಿನ ಅವಳ ತಾಯಿ ತಲೆಯ ಮೇಲೆ ಒಂದು ದೊಡ್ಡ ಮಣ್ಣಿನ ಗುಡಾಣ ಹೊತ್ತು ಬಂದು ನಮ್ಮ ಜಗಲಿಯಲ್ಲಿ ಇಳಿಸಿದಳು.

“ಅದ್ಯಾವ ಗೆರೆನೋ ನಂಗೊತ್ತಿಲ್ಲ ಮೇಷ್ಟ್ರೇ. ಮಕ್ಳಿಗೆ ನೀರಿಗೂ ಗತಿ ಇಲ್ದಂಗೆ ಮಾಡವ್ರೆ. ನಮ್ ಬೀದಿ ಬಾವಿಯಿಂದ ಸೇದಿ ತುಂಬ್ಸಿ” ಅಂದಳು. ತುಂಬಿಸಿದೆವು. ನೀರು ತಣ್ಣಗೆ, ಮಣ್ಣಿನ ವಾಸನೆಯೊಂದಿಗೆ ಹಿತವಾಗಿರುತ್ತಿತ್ತು.

ಬೇಸಿಗೆ ಬಂತು. ಆ ಸ್ಕೂಲಿನ ನಲ್ಲಿ ಒಣಗಿತು. ಬೂಟು ಹಾಕಿಕೊಂಡ ಮಕ್ಕಳು ಒಬ್ಬೊಬ್ಬರಾಗಿ ನಮ್ಮ ಜಗಲಿಗೆ ಬಂದರು. ಆ ಹುಡುಗಿ ಗುಡಾಣದ ಮುಂದೆ ನಿಂತು ಒಬ್ಬೊಬ್ಬರನ್ನೂ, “ನಿಮ್ಮನೆ ಡೋರ್ ನಂಬರೆಷ್ಟು?” ಅಂತ ಕೇಳುತ್ತಿದ್ದಳು. ಗದರಿಸಿದೆ. ಮುಖ ಊದಿಸಿಕೊಂಡೇ ಎಲ್ಲರಿಗೂ ನೀರು ಕೊಟ್ಟಳು. ಕೊನೆಗೆ ಆ ಜವಾನನೂ ಬಂದ. ಅವನಿಗೂ ಲೋಟ ತುಂಬಿ ಕೊಟ್ಟು, ಅವನು ಕುಡಿದು ಮುಗಿಸುವವರೆಗೂ ಕಾದು ನಿಂತು ಅಂದಳು:

“ಸಾಕಾ ಮಾಮ? ಈಗ ನಿಮ್ ಸರಹದ್ದಿಗೆ ಓಡಿ.”

ಗೆರೆ ಎಳೆದ ಪುಣ್ಯಾತ್ಮ

ಇಲಾಖೆಯ ದೊಡ್ಡ ಅಧಿಕಾರಿಯೊಬ್ಬರು ಬಂಗಲೆಗಳ ಸಾಲಿನ ಕೊನೆಯಲ್ಲಿ ಹೊಸ ಮನೆ ಕಟ್ಟಿಸಿದರು. ಮಗನನ್ನು ಆ ಸ್ಕೂಲಿಗೆ ಸೇರಿಸಲು ಹೋದರೆ ಅಲ್ಲಿಯ ಹೆಡ್‌ಮೇಷ್ಟ್ರು ಎದ್ದು ಕೈಮುಗಿದು, “ತಮ್ಮ ಮನೆ ನಮ್ಮ ಸರಹದ್ದಿಗೆ ಸೇರಿದ್ದಲ್ಲ ಸ್ವಾಮಿ. ಯಾರಿಗೂ ವಿನಾಯಿತಿ ಕೊಡಬೇಡಿ ಅಂತ ತಮ್ಮ ಆಫೀಸಿಂದಲೇ ಆಜ್ಞೆ ಬಂದಿದೆ” ಅಂದರಂತೆ.

ಅಧಿಕಾರಿಗಳು ಹೆಂಡತಿ, ಮಗನನ್ನು ಕಾರಿನಲ್ಲಿ ಕೂರಿಸಿಕೊಂಡು ನಮ್ಮಲ್ಲಿಗೆ ಬಂದರು. ಲಾಯವನ್ನು ಮೇಲಿಂದ ಕೆಳಗೆ ನೋಡಿ, “ಇದು ಸ್ಕೂಲೇನ್ರೀ?” ಅಂದರು.

“ಹೌದು ಸ್ವಾಮಿ, ತಮ್ಮ ಇಲಾಖೆಯದೇ.”

ನಕ್ಷೆ ತರಿಸಿಕೊಂಡು ನನ್ನ ಮೇಜಿನ ಮೇಲೆ ಹರಡಿದರು. ಗೆರೆ ಬೀದಿ ನೋಡಿರಲಿಲ್ಲ, ಮನೆ ನೋಡಿರಲಿಲ್ಲ; ಸುಮ್ಮನೆ ದುಂಡಗೆ ಸುತ್ತಿಕೊಂಡು ಹೋಗಿ ಅವರ ಮನೆಯನ್ನು ಹೊರಗೆ ಬಿಟ್ಟಿತ್ತು. ಅವರ ಮುಖ ಕೆಂಪಾಯಿತು. “ಇದಕ್ಕೊಂದು ತಲೆ ಬುಡ ಇದೆಯೇನ್ರೀ? ಯಾವ ಕತ್ತೆ ಎಳೆದಿದ್ದು ಈ ಗೆರೇನ?”

ನನಗೆ ಗೊತ್ತಿತ್ತು. ಇಲಾಖೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅವರ ಹೆಂಡತಿ ಬಗ್ಗಿ ನಕ್ಷೆ ನೋಡಿದರು. “ಇದು ನಮ್ಮನೆ ಅವಲಕ್ಕಿ ಡಬ್ಬಿ ಮುಚ್ಚಳ ಅಲ್ವೇನ್ರೀ?” ಅಂದರು. “ಆವತ್ತು ಇದೇ ನಕ್ಷೆ ಹರಡ್ಕೊಂಡು ಕೂತು, ಕೈವಾರ ಸಿಗ್ತಿಲ್ಲ, ದುಂಡಗಿರೋದು ಏನಾದ್ರೂ ಕೊಡೇ ಅಂದ್ರಲ್ಲ. ಕೊಟ್ಟಿದ್ದೆ.”

ಸಾಹೇಬರು ನಕ್ಷೆ ಸುತ್ತಿ ಕಂಕುಳಲ್ಲಿಟ್ಟುಕೊಂಡರು. ತಮ್ಮ ಆಜ್ಞೆಯನ್ನು ತಾವೇ ಮುರಿಯುವಂತಿರಲಿಲ್ಲ. ಮಗನನ್ನು ನಮ್ಮಲ್ಲೇ ಸೇರಿಸಿದರು. ಅವನು ಬೂಟು ಬಿಚ್ಚಿಟ್ಟು, ಆಗಲೇ ಪಕ್ಕದವನ ಹತ್ತಿರ ಗೋಲಿ ಕೇಳುತ್ತಿದ್ದ.

ಕಾರಿನವರೆಗೂ ಹೋಗಿ ಬೀಳ್ಕೊಟ್ಟೆ. ಬಾಗಿಲು ಹಾಕಿಕೊಳ್ಳುವಾಗ ಆಕೆ ಗಂಡನಿಗೆ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು:

“ಯಾಕೆ ಅಂತ ಮೊದ್ಲೇ ಹೇಳೋದಲ್ವಾ? ಕೋಡುಬಳೆ ಡಬ್ಬಿ ಮುಚ್ಚಳ ಇನ್ನೂ ದೊಡ್ಡದಿತ್ತು.”