ಮೂರೂರು ಸುತ್ತಿದ ಸಿಟ್ಟು

ಜಗಳ ಹುಟ್ಟಿದ್ದು ಬದನೇಕಾಯಿಯಿಂದ. ರೋಣದಲ್ಲಿ ಗಾದಿ ಹೊಲಿಯುವ ಇಮಾಮಸಾಬ ನದಾಫ ಮುಂಜಾನೆ ತಾಟಿನ ಮುಂದೆ ಕುಳಿತು ರೊಟ್ಟಿ ಮುರಿದ, ಪಲ್ಯದ ಕಡೆ ನೋಡಿದ, ಮುರಿದ ರೊಟ್ಟಿಯನ್ನು ತಾಟಿಗೇ ಹಾಕಿದ.

“ಇವತ್ತೂ ಬದನಿಕಾಯಿ?”

“ತಂದವರು ಯಾರು?” ಎಂದಳು ಹೆಂಡತಿ ಮಾಬೂಬಿ, ಒಲೆಯ ಕಡೆಯಿಂದ ತಿರುಗದೆಯೇ.

ಸಂತೆ ಕರಗುವ ಹೊತ್ತಿಗೆ ಅಗ್ಗಕ್ಕೆ ಸಿಕ್ಕಿತೆಂದು ಅರ್ಧ ಚೀಲ ಹೊತ್ತು ತಂದವನು ಅವನೇ. ಉತ್ತರವಿಲ್ಲದ ಪ್ರಶ್ನೆ ಎದುರಾದಾಗ ಗಂಡಸಿಗೆ ಉಳಿಯುವುದು ಸಿಟ್ಟೊಂದೇ. ಇಮಾಮಸಾಬ ಎದ್ದು ಟೊಪ್ಪಿಗೆ ಹಾಕಿಕೊಂಡ.

“ನಾ ಹೊಂಟೆ. ಈ ಮನ್ಯಾಗ ಇನ್ನ ಕಾಲಿಡೂದಿಲ್ಲ.”

“ಹೋಗ್ರಿ. ಎಲ್ಲಿಗೆ ಹೋಗ್ತೀರಿ? ಬಸ್‌ಸ್ಟ್ಯಾಂಡ್ ಮುಂದಿನ ಬೇವಿನಗಿಡದ ಕಟ್ಟಿತನಕ. ಮೂವತ್ತೊಂದು ವರ್ಷಾತು, ನಿಮ್ಮ ಸಿಟ್ಟು ಆ ಕಟ್ಟಿ ದಾಟಿಲ್ಲ.”

ಮಾತು ಬಾಣದಂತೆ ನಾಟಿತು, ಯಾಕೆಂದರೆ ಅದು ಖರೆ. ಇಮಾಮಸಾಬನ ಸಿಟ್ಟಿಗೊಂದು ಪದ್ಧತಿಯಿತ್ತು. ಮನೆ ಬಿಡುವುದು, ಬೇವಿನ ಕಟ್ಟೆಯ ಮೇಲೆ ಊರಿಗೆ ಬೆನ್ನು ಮಾಡಿ ಕೂಡುವುದು. ಮಧ್ಯಾಹ್ನದೊಳಗೆ ಬಗಲ ಮನೆಯ ಸೈಕಲ್ ಅಂಗಡಿ ಬಾಷಾ ಬಂದು “ಬರ್ರಿ ಚಾಚಾ, ಚಾಚಿ ಕರದಾಳ” ಅನ್ನುವುದು. ಮೊದಲ ಸಲ ಕೇಳಿಸುವುದಿಲ್ಲ. ಎರಡನೇ ಸಲ “ನಾ ಬರೂದಿಲ್ಲ” ಎನ್ನಬೇಕು. ಮೂರನೇ ಸಲಕ್ಕೆ, ಬಾಷಾನ ಮಾರಿ ನೋಡಿ ಎದ್ದವನಂತೆ ಏಳಬೇಕು. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಎರಡಕ್ಕೆ ಎದ್ದವನಲ್ಲ. ಒಮ್ಮೆಯೂ ತಾನಾಗಿ ಮನೆಗೆ ಹೋದವನಲ್ಲ. ಮೊದಲು ಸೋತವರು ಯಾವಾಗಲೂ ಮನೆಯವರೇ. ಈ ಒಂದು ದಾಖಲೆಯ ಮೇಲೆ ಅವನ ಮಾನ ನಿಂತಿತ್ತು.

ಇವತ್ತು ಆ ಕಟ್ಟೆಯನ್ನು ಕಣ್ಣೆತ್ತಿಯೂ ನೋಡದೆ ನೇರ ಬಸ್‌ಸ್ಟ್ಯಾಂಡಿನೊಳಗೆ ನಡೆದ. ಫೋನನ್ನು ಬೇಕಂತಲೇ ಗೂಟದ ಚೀಲದಲ್ಲಿ ಬಿಟ್ಟು ಬಂದಿದ್ದ. ಕಿಸೆಯಲ್ಲಿ ಫೋನಿಟ್ಟುಕೊಂಡು ಮಾಡುವುದು ಸಿಟ್ಟಲ್ಲ, ಮಿಸ್ಡ್ ಕಾಲು.

ಆ ವರ್ಷ ಸ್ಟ್ಯಾಂಡಿನಲ್ಲಿ ಹೊಸದಾಗಿ ಒಂದು ದಿನದ ಕಾರ್ಡು ಕೊಡತೊಡಗಿದ್ದರು. ಮುಂಜಾನೆ ಒಮ್ಮೆ ಕೊಂಡರೆ ರಾತ್ರಿ ಹನ್ನೆರಡರ ತನಕ ರೋಣ, ನರಗುಂದ, ಗಜೇಂದ್ರಗಡದ ಯಾವ ಬಸ್ಸನ್ನಾದರೂ ಹತ್ತು, ಎಲ್ಲಿಯಾದರೂ ಇಳಿ; ಮಲ್ಲಾಪುರ ಸ್ಟೇಷನ್ನಿನ ಪ್ಯಾಸೆಂಜರ್ ರೈಲಿಗೂ ನಡೆಯುತ್ತದೆ. ಕಂಡಕ್ಟರನ ಕೈಯಲ್ಲಿನ ಡಬ್ಬಿಗೆ ತಾಗಿಸಿದರೆ ಡಬ್ಬಿ ‘ಟುಂಯ್’ ಅನ್ನುತ್ತದೆ. ಊರಿನ ಮಂದಿ ಇನ್ನೂ ಅದನ್ನು ಪೂರ್ತಿ ನಂಬಿರಲಿಲ್ಲ. ಚೀಟಿ ಹರಿಯದೆ ಪ್ರಯಾಣ ಮಾಡುವುದು ಖಾಜಿ ಇಲ್ಲದೆ ನಿಕಾ ಮಾಡಿಕೊಂಡಂತೆ ಕಾಣುತ್ತಿತ್ತು.

“ಒಂದು ಕಾರ್ಡ ಕೊಡೊ ಹೇಮಪ್ಪಾ.”

ಟಿಕೀಟು ಕಿಟಕಿಯೊಳಗಿನ ಹೇಮಪ್ಪ ಕನ್ನಡಕ ಸರಿಪಡಿಸಿಕೊಂಡ. “ಎಲ್ಲಿಗೆ?”

“ಎಲ್ಲಿಗೂ ಇಲ್ಲ. ಎಲ್ಲಾ ಕಡೆ.”

“ಮನ್ಯಾಗ ಏನ ಪಲ್ಯ ಮಾಡಿದ್ರು?” ಎಂದ ಹೇಮಪ್ಪ. ಮೂವತ್ತೊಂದು ವರ್ಷದಿಂದ ಅವನೂ ಆ ಕಟ್ಟೆಯನ್ನು ನೋಡುತ್ತಿದ್ದ.

ನರಗುಂದದ ಬಸ್ಸಿನಲ್ಲಿ ಕಂಡಕ್ಟರ್ ಸಂಗನಬಸವ ಡಬ್ಬಿ ಹಿಡಿದ. ಟುಂಯ್. ತನ್ನ ಸಿಟ್ಟಿಗೆ ಸರಕಾರವೇ ಹೂಂ ಅಂದಂತಾಗಿ ಇಮಾಮಸಾಬ ಎದೆ ಉಬ್ಬಿಸಿ ಕಿಟಕಿಗೆ ಕುಳಿತ. ಬಗಲಿಗೆ ಬುಟ್ಟಿ ಸಮೇತ ಬಂದು ಕೂತವಳು ಚಿಕ್ಕನರಗುಂದದ ಚನ್ನವ್ವ. ಅವಳಿಗೂ ಅವನಿಗೂ ಪರಿಚಯವಿರಲಿಲ್ಲ. ಎರಡು ಮೈಲಿ ದಾಟುವುದರೊಳಗೆ ಅವಳಿಗೆ ಬದನೇಕಾಯಿಯಿಂದ ಹಿಡಿದು ಬಾಷಾನ ತನಕ ಎಲ್ಲ ಗೊತ್ತಾಗಿತ್ತು.

“ತಪ್ಪ ಮಾಡಿದಿ ನೋಡ ಸಾಬಣ್ಣಾ,” ಎಂದಳು.

“ಏನ ತಪ್ಪ? ಆಕಿ ಹಂಗ ಅನಬೌದಾ?”

“ಸಿಟ್ಟಿನ ಮಾತ ಅಲ್ಲಪಾ. ಸಿಟ್ಟಾದವರು ಒಂದ ಕಡೆ ಕುಂದರಬೇಕು. ನಮ್ಮ ಮಾವ ಸಿಟ್ಟಾದ್ರ ಜ್ವಾಳಾ ತುಂಬೂ ಹಗೇದ ಮ್ಯಾಲ ಕುಂದರತಿದ್ದ, ಅಲ್ಲೇ ಸಿಗತಿದ್ದ. ನೀ ಹಿಂಗ ಗಾಲಿ ಮ್ಯಾಲ ಕುಂತ್ರ ಕರಿಯಾಕ ಬಂದವರಿಗೆ ಹ್ಯಾಂಗ ಸಿಗತಿ?”

“ಸಿಗಬಾರ್ದು ಅಂತನ ಹೊಂಟೇನಿ.”

“ಹಂಗಾರ ಭಾಳ ಚಲೋ ಆತು. ಸಿಗೂದಿಲ್ಲ ಬಿಡು,” ಎಂದು ಚನ್ನವ್ವ ತನ್ನೂರಲ್ಲಿ ಇಳಿದು ಹೋದಳು. ಹೋಗುವಾಗ ಅವಳು ಪಾಪ ಅನ್ನುವಂತೆ ನೋಡಿದ್ದು ಇಮಾಮಸಾಬನಿಗೆ ಹಿಡಿಸಲಿಲ್ಲ.

ನರಗುಂದದಲ್ಲಿ ಇಳಿದು ಗುಡ್ಡ ನೋಡಿದ. ಗುಡ್ಡ ಅವನನ್ನು ನೋಡಿತು. ಇಬ್ಬರಿಗೂ ಮಾತಾಡುವುದೇನೂ ಇರಲಿಲ್ಲ. ಸ್ಟ್ಯಾಂಡಿನ ಹೊರಗೆ ಈಶಪ್ಪನ ಕಾಳುಕಡಿ ದಲಾಲಿ ಅಂಗಡಿ. ಅಲ್ಲಿಯ ಗಾದಿ, ಲೋಡು ಎಲ್ಲ ಇಮಾಮಸಾಬನ ಕೈಯವೇ. “ಏ ಬಾ, ಚಹಾ ಕುಡಿ ಬಾ,” ಎಂದು ಈಶಪ್ಪ ಕೈ ಬೀಸಿದ. ಇಮಾಮಸಾಬ ಒಲ್ಲೆನೆಂದ. ಹೊಟ್ಟೆ ಚುರುಗುಡುತ್ತಿತ್ತು, ಆದರೆ ಸಿಟ್ಟಿನವನು ಹೊರಗೆ ತಿಂದು ಕುಡಿದರೆ ಅದು ಸಿಟ್ಟಲ್ಲ, ಪ್ರವಾಸ. ಒಂದು ತಾಸು ಕಳೆಯಿತು. ಯಾರೂ ಬರಲಿಲ್ಲ. ಬಾಷಾನಿಗೆ ಇವತ್ತು ಪಂಕ್ಚರ್ ಜಾಸ್ತಿ ಬಂದಿರಬೇಕು.

ತಿರುಗಿ ರೋಣದ ಬಸ್ಸು ಹತ್ತಿದ. ಮನೆಗಲ್ಲ, ರೋಣದ ಸ್ಟ್ಯಾಂಡಿನಲ್ಲಿ ಇಳಿಯದೆ ಕೂತು, ಕಟ್ಟೆಯ ಹತ್ತಿರ ಯಾರಾದರೂ ಕಂಗಾಲಾಗಿ ಹುಡುಕುತ್ತಿದ್ದಾರೆಯೇ ಎಂದು ಕಿಟಕಿಯಿಂದ ನೋಡುವುದಕ್ಕೆ. ಹೆಗಲ ಮೇಲಿನ ಟವೆಲ್ಲನ್ನು ತಲೆಗೆ ಹೊದ್ದು ಕಣ್ಣಿನ ತನಕ ಎಳೆದುಕೊಂಡ. ಕಟ್ಟೆಯ ಮೇಲೆ ಒಂದು ನಾಯಿ ಆರಾಮಾಗಿ ಮಲಗಿತ್ತು.

“ಏ ಇಮಾಮಸಾಬಾ! ಟವೆಲ್ ತಗಿಯೊ, ಗೊತ್ತಾತು ನೀನ ಅಂತ!” ಹೇಮಪ್ಪ ಕಿಟಕಿಯಿಂದಲೇ ಕೂಗಿದ. “ನಿಮ್ಮ ಮನಿಂದ ಬಂದಿದ್ರಲ್ಲೊ ನಿನ್ನ ಹುಡಿಕ್ಕೋತ. ನರಗುಂದಕ್ಕ ಹೋಗ್ಯಾನ ಅಂದೆ. ಅವರೂ ಒಂದು ಕಾರ್ಡ ತಗೊಂಡು ಆ ಕಡೆ ಹೋದ್ರು.”

ಇಮಾಮಸಾಬನ ಎದೆಯೊಳಗೆ ಹೊಸ ಹತ್ತಿ ಬಡಿದಂತೆ ಏನೋ ಹಗುರಾಗಿ ಅರಳಿತು. ಬಾಷಾ! ಕಾರ್ಡು ಕೊಂಡು ಬಂದಿದ್ದಾನೆ! ಯಾರು ಬಂದಿದ್ದರೆಂದು ಕೇಳಬಹುದಿತ್ತು. ಆದರೆ ಕೇಳಿದರೆ ಕಾಯುತ್ತಿದ್ದಂತಾಗುತ್ತದೆ.

“ಬರ್ಲಿ, ಹೋಗ್ಲಿ, ನನಗೇನು,” ಎಂದ. ಒಂದು ನಿಮಿಷ ಬಿಟ್ಟು, “ಈಗ ನರಗುಂದಕ್ಕ ಬಸ್ಸ ಐತೇನು? ಅಲ್ಲೊಂದು ಕೆಲಸ ಮರತೆ.”

ಹೀಗೆ ಯಾರಿಗೂ ಸಿಗಬಾರದೆಂದು ಹೊರಟವನು, ಸಿಗಲಿಕ್ಕೆಂದು ಓಡತೊಡಗಿದ. ಟುಂಯ್.

“ಈಗರ ಹೋದ್ರಲ್ಲೋ!” ಎಂದ ನರಗುಂದದ ಈಶಪ್ಪ. “ಚಹಾ ಕೊಟ್ಟೆ, ಕುಡದ್ರು. ಊಟಾ ಮಾಡ್ರಿ ಅಂದೆ, ಮಾಡಿದ್ರು. ಗುಡ್ಡದ ಕಿಲ್ಲೆ ಹ್ಯಾಂಗ ಐತಿ ಅಂತ ಕೇಳಿದ್ರು, ಬುಡದ ತನಕ ಹೋಗಿ ನೋಡಿ ಬಂದ್ರು. ನೀ ಇಲ್ಲ ಅಂದ ಮ್ಯಾಲ ಗಜೇಂದ್ರಗಡದಾಗ ಇರಬೌದು ಅಂತ ಬಸ್ಸ ಹತ್ತಿದ್ರು. ನಮ್ಮ ತ್ವಾಟದ್ದು ಒಂದು ಚೀಲಾನೂ ಕೊಟ್ಟು ಕಳಿಸೇನಿ.”

ಇಮಾಮಸಾಬನ ಹೊಟ್ಟೆ ಕಿಚ್ಚಾಯಿತು. ಅರ್ಧ ಹಸಿವೆಯಿಂದ, ಅರ್ಧ ಬಾಷಾನಿಂದ. ಸಿಟ್ಟು ಯಾರದು, ಊಟ ಯಾರದು! ಉಪವಾಸ ಬಿದ್ದವನನ್ನು ಹುಡುಕಲು ಬಂದವನು ಕಿಲ್ಲೆ ನೋಡುತ್ತಾನೆಯೇ?

ಗಜೇಂದ್ರಗಡಕ್ಕೆ ಹೊರಟ. ರೋಣದಲ್ಲಿ ಬಸ್ಸು ನಿಂತಾಗ ಹೇಮಪ್ಪ ಕಿಟಕಿಯಿಂದ ಕೈಯಲ್ಲೇ ಮುಂದೆ ಮುಂದೆ ಎಂದು ಸನ್ನೆ ಮಾಡಿದ, ಹೊಲದಲ್ಲಿ ದನ ಹೊಡೆದಂತೆ. ಸೂಡಿ ದಾಟುವಾಗ ಬಸ್ಸಿನ ಅರ್ಧ ಮಂದಿಗೆ ಸುದ್ದಿ ತಿಳಿದಿತ್ತು. “ಸಿಕ್ರೇನ್ರಿ ನಿಮ್ಮನ್ನ ಹುಡುಕೂವ್ರು?” ಎಂದು ಹಿಂದಿನ ಸೀಟಿನವನು ಕೇಳಿದ. “ನಾ ಯಾರನ್ನೂ ಹುಡುಕಾಕ ಹತ್ತಿಲ್ಲ!” ಎಂದು ಇಮಾಮಸಾಬ ಗುಡುಗಿದ. “ಹೌದ್ರಿ ಹೌದ್ರಿ,” ಎಂದಿತು ಇಡೀ ಬಸ್ಸು, ಸಮಾಧಾನ ಮಾಡುವವರಂತೆ.

ಗಜೇಂದ್ರಗಡದ ಸ್ಟ್ಯಾಂಡಿನಲ್ಲಿ ಬಜಿ ಕರಿಯುವ ದಿಲಾವರ ಅವನಿಗೆ ದೂರದ ಸಂಬಂಧಿ.

“ಅರೆ, ಎಂಥಾ ಟೈಮಿಗೆ ಬಂದ್ರಿ! ಈಗ ಬಸ್ಸ ಹತ್ತಿದ್ರು. ಎರಡು ಪ್ಲೇಟ್ ಮಿರ್ಚಿ ತಿಂದ್ರು. ಆ ಕಡೆ ಹೋಗಿ ಕೈಮಗ್ಗದ ಸೀರಿ ನೋಡಿದ್ರು, ಒಂದು ತಗೊಂಡ್ರು. ಆಮ್ಯಾಲ ಈ ಕಾರ್ಡ ರೈಲಿಗೂ ನಡಿತೈತಿ ಅಂತ ನಾನ ಹೇಳಿದೆ. ರೈಲ ಒಮ್ಮೆನೂ ಹತ್ತಿಲ್ಲಂತ. ಮಲ್ಲಾಪುರಕ್ಕ ಹೋದ್ರು.”

ಇಮಾಮಸಾಬ ನಿಂತಲ್ಲೇ ಯೋಚಿಸಿದ. ಸೀರೆಯೇನೋ ಸರಿ, ಬಾಷಾ ಹೆಂಡತಿಗೆ ಅಂಜುವವನು. ಆದರೆ ಸೊಲ್ಲಾಪುರಕ್ಕೆ ಮೂರು ಸಲ ಟಿಕೀಟಿಲ್ಲದೆ ಹೋಗಿ ಬಂದ ಬಾಷಾ ರೈಲು ಹತ್ತಿಲ್ಲವೆಂದರೆ? ಹಸಿದ ತಲೆಗೆ ಲೆಕ್ಕ ಹತ್ತಲಿಲ್ಲ. ದಿಲಾವರ ನಾಲ್ಕು ಮಿರ್ಚಿ ಬಜಿ ಹಾಳೆಯಲ್ಲಿ ಹಾಕಿ ಮುಂದೆ ಹಿಡಿದ. ಅವುಗಳ ವಾಸನೆ ಮೂವತ್ತೊಂದು ವರ್ಷದ ದಾಖಲೆಯನ್ನು ಬುಡಸಹಿತ ಅಲ್ಲಾಡಿಸಿತು. “ಒಲ್ಲೆ,” ಎಂದು ಹೇಳುವಾಗ ಇಮಾಮಸಾಬನ ಕಣ್ಣಲ್ಲಿ ನೀರಿತ್ತು.

ಮತ್ತೆ ರೋಣ, ರೋಣದಿಂದ ಮಲ್ಲಾಪುರದ ಬಸ್ಸು. ಕಂಡಕ್ಟರ್ ಮುಂಜಾನೆಯ ಸಂಗನಬಸವನೇ. “ಚಾಚಾ, ನಿಮ್ಮ ಕಾರ್ಡಿಗಿಂತ ನನ್ನ ಡಬ್ಬಿ ಸವದೈತಿ,” ಎಂದ. “ಇದ ಕಡೀ ಗಾಡಿ. ಸ್ಟೇಷನ್ನಿಗೆ ಹೋಗಿ ಹತ್ತು ನಿಮಿಷ ನಿಂತು ಹೊಳ್ಳತೈತಿ. ಲಗೂ ಬರ್ರಿ.”

ಹೊತ್ತು ಮುಳುಗುತ್ತಿತ್ತು. ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಎಂಟ್ಹತ್ತು ಮಂದಿ. ಬಾಷಾ ಎಲ್ಲಿಯೂ ಇರಲಿಲ್ಲ. ತುದಿಯ ಕಲ್ಲುಬೆಂಚಿನ ಮೇಲೆ, ಒಂದು ಬಗಲಿಗೆ ಹೊಸ ಸೀರೆಯ ಪೊಟ್ಟಣ, ಇನ್ನೊಂದು ಬಗಲಿಗೆ ತುಂಬಿದ ಕೈಚೀಲ ಇಟ್ಟುಕೊಂಡು, ಕಾಲು ಇಳಿಬಿಟ್ಟು ಆಡಿಸುತ್ತ, ಶೇಂಗಾ ಬಿಡಿಸಿ ತಿನ್ನುತ್ತ ಕೂತವಳು ಮಾಬೂಬಿ.

“ನೀನಾ?”

“ಬಂದ್ರಾ?” ಎಂದಳು ಆಕೆ. “ಕುಂದರ್ರಿ. ಶೇಂಗಾ ತಿಂತೀರಿ?”

“ಬಾಷಾ ಎಲ್ಲಿ?”

“ಬಾಷಾಗ ಇವತ್ತ ಭಾಳ ಪಂಕ್ಚರ್ ಬಂದಿದ್ವು. ನಾನ ಬಂದೆ ಕರಿಯಾಕ.”

ಇಮಾಮಸಾಬನಿಗೆ ಜೀವ ಬಂದಂತಾಯಿತು. ಸ್ವತಃ ಮಾಬೂಬಿ! ಮೂರೂರು ತಿರುಗಿ! ಇಂಥ ಜಯ ಅವನಿಗೆ ಯಾವ ಜಗಳದಲ್ಲೂ ಸಿಕ್ಕಿರಲಿಲ್ಲ. ಬೆನ್ನು ಮಾಡಿ ನಿಂತು, ಕೈ ಹಿಂದೆ ಕಟ್ಟಿಕೊಂಡ. ಮೊದಲನೆಯದು ಕೇಳಿಸಬಾರದು.

ಕೇಳಿಸಲಿಲ್ಲ. ಯಾಕೆಂದರೆ ಆಕೆ ಅನ್ನಲೇ ಇಲ್ಲ. ಶೇಂಗಾ ಒಡೆಯುವ ಸಪ್ಪಳವಷ್ಟೇ ಬಂತು.

“ಮತ್ತ, ಕರಿ,” ಎಂದ ತಿರುಗದೆ.

“ನರಗುಂದದ ತನಕ ಬಾಯಾಗ ಇತ್ತರಿ, ‘ಬರ್ರಿ’ ಅನ್ನೂ ಮಾತು. ಗಜೇಂದ್ರಗಡದಾಗ ಬಜಿ ಜೋಡಿ ಒಳಗ ಹೋತು,” ಎಂದಳು ಮಾಬೂಬಿ. “ಮೂವತ್ತೊಂದು ವರ್ಷ ನೀವು ಸಿಟ್ಟ ಮಾಡಿ ಹೊರಗ ಹೋದ್ರಿ, ನಾ ಒಳಗ ರೊಟ್ಟಿ ಬಡದೆ. ಹೊರಗ ಇಷ್ಟ ಚಲೋ ಇರತೈತಿ ಅಂತ ಒಂದ ಸಲಾನೂ ಹೇಳಲಿಲ್ಲ ನೀವು. ಈಗ ಗದಗಿನ ಗಾಡಿ ಬರತೈತಿ. ನಾ ಹತ್ತಾಕಿ. ನೀವು ಮನಿಗೆ ಹೋಗ್ರಿ. ಪಲ್ಯ ಮುಚ್ಚಿಟ್ಟೇನಿ.”

“ಗದಗಿಗೆ? ಅಲ್ಲಿ ಏನೈತಿ?”

“ಹೋದ ಮ್ಯಾಲ ಗೊತ್ತಾಗತೈತಿ. ಕಾರ್ಡ ಹನ್ನೆರಡರತನಕ ಐತಿ.”

ದೂರದಲ್ಲಿ ರೈಲು ಕೂಗಿತು. ಹೊರಗೆ ಸಂಗನಬಸವನ ಸೀಟಿ ಕೇಳಿಸಿತು. ಇಮಾಮಸಾಬ ಒಮ್ಮೆ ಹಳಿಯ ಕಡೆ, ಒಮ್ಮೆ ಬಸ್ಸಿನ ಕಡೆ ನೋಡಿದ. ಕಣ್ಣ ಮುಂದೆ ಕತ್ತಲ ಮನೆ, ಮುಚ್ಚಿದ ತಾಟು, ಅದರ ಕೆಳಗೆ ತಣ್ಣಗೆ ಕಾದು ಕುಳಿತ ಬದನೇಕಾಯಿ ಬಂದು ನಿಂತವು.

“ಮಾಬೂಬಿ,” ಎಂದ ಸಣ್ಣ ದನಿಯಲ್ಲಿ. “ಬಾ.”

ಮಾಬೂಬಿಗೆ ಕೇಳಿಸಲಿಲ್ಲ. ಮೊದಲನೆಯದು ಕೇಳಿಸುವುದಿಲ್ಲ.

“ಬಾ ಅಂದೆ.”

“ನಾ ಬರೂದಿಲ್ಲ,” ಎಂದಳು ಆಕೆ, ಪದ್ಧತಿ ಬಿಡದೆ.

ಪ್ಲಾಟ್‌ಫಾರ್ಮಿನ ಮಂದಿ ಇತ್ತ ತಿರುಗಿದ್ದರು. ಬಸ್ಸು ಬಿಟ್ಟು ಒಳಗೆ ಬಂದಿದ್ದ ಸಂಗನಬಸವ ಕೈ ಮುಗಿದ. “ಚಾಚಾ, ಮೂರನೇದೂ ಅಂದ ಬಿಡ್ರಿ. ಬಸ್ಸಿನಾಗ ಮಂದಿ ನನ್ನ ತಿನ್ನಾಕತ್ತಾರ.”

ರೈಲಿನ ದೀಪ ಹಳಿಯ ಮೇಲೆ ಬಿತ್ತು. ಮಾಬೂಬಿ ಸೀರೆಯ ಪೊಟ್ಟಣ ಕೈಗೆತ್ತಿಕೊಂಡಳು. ಮೂವತ್ತೊಂದು ವರ್ಷದ ದಾಖಲೆ ಗಂಟಲಿನವರೆಗೆ ಬಂದು ನಿಂತಿತು.

“ತಪ್ಪಾತು, ಬಾ ಮಾರಾಯ್ತಿ!”

ಮಾಬೂಬಿ, ಸಂಗನಬಸವನ ಮಾರಿ ನೋಡಿ ಎದ್ದವಳಂತೆ ಎದ್ದಳು.

ಬಸ್ಸಿನಲ್ಲಿ ಇಮಾಮಸಾಬ ಹಿಡಿ ಶೇಂಗಾ ಬಾಯಿಗೆ ಸುರಿದುಕೊಂಡು ಕಿಟಕಿಗೆ ತಲೆಯೊರಗಿಸಿದವನು, ಅಗಿಯುವುದು ಮುಗಿಯುವ ಮೊದಲೇ ನಿದ್ದೆ ಹೋದ. ಮಾಬೂಬಿ ಕಾರ್ಡು ತಾಗಿಸಿದಳು. ಟುಂಯ್ ಅಂದದ್ದಕ್ಕೆ ಸಣ್ಣಗೆ ನಕ್ಕಳು.

“ನಾಳಿನ ಕಾರ್ಡ ಎಷ್ಟ ಗಂಟೆಕ್ಕ ಕೊಡ್ತಾರಪಾ?”

“ಆರಕ್ಕ ಕಿಟಕಿ ತಗೀತಾರ ಚಾಚಿ. ಯಾಕ, ನಾಳೆ ಎಲ್ಲಿಗೆ?”

“ಅದಿನ್ನೂ ಗೊತ್ತಿಲ್ಲ. ಮದಲ ಇವರಿಗೆ ಸಿಟ್ಟ ಬರಬೇಕಲ್ಲ.”

“ಬರದಿದ್ರ?”

“ಬರತೈತಿ ತಗೋ,” ಎಂದು ಮಾಬೂಬಿ ಈಶಪ್ಪ ಕೊಟ್ಟ ಚೀಲದ ಬಾಯಿ ತೆರೆದು ತೋರಿಸಿದಳು. ನರಗುಂದದ ಕಾಲುವೆ ನೀರುಂಡು ಮಿರಿಮಿರಿ ಮಿಂಚುವ ಎಳೆ ಬದನೇಕಾಯಿ, ಚೀಲದ ಕಂಠದ ತನಕ.